ಮಂಡಿನೋವು ಸ್ಮಾರಕ ಪ್ರಶಸ್ತಿ

ಮೇಳ ಸಮಿತಿಯ ಮಾನ್ಯ ಅಧ್ಯಕ್ಷರೇ, ನನ್ನನ್ನು ಹೊಗಳಿ ಹೊಗಳಿ ಇದು ಬೇರೆ ಯಾರ ವಿಷಯವೋ ಎಂದು ನನಗೇ ಅನುಮಾನ ಬರುವಂತೆ ಮಾಡಿದ ನಿರೂಪಕರೇ, ಮುಂದಿನ ಸಾಲಿನ ಮೆತ್ತನೆಯ ಕುರ್ಚಿಗಳಲ್ಲಿ ಕುಳಿತಿರುವ ಜಾಹೀರಾತು ಜಾಲಗಳ ವ್ಯವಸ್ಥಾಪಕರೇ, ಹಿಂದಿನ ಸಾಲುಗಳಲ್ಲಿ ತಲೆ ತಗ್ಗಿಸಿ ಫೋನು ನೋಡುತ್ತಿರುವ ನನ್ನ ವೃತ್ತಿಬಾಂಧವರೇ, ಮತ್ತು ಚಹಾ ಇನ್ನೂ ಬಂದಿಲ್ಲ ಎಂಬ ಒಂದೇ ಕಾರಣಕ್ಕೆ ಒಳಗೆ ಉಳಿದುಕೊಂಡಿರುವ ಸಭಿಕರೇ, ಎಲ್ಲರಿಗೂ ನನ್ನ ವಂದನೆಗಳು.

ನಿರೂಪಕರು ನನ್ನನ್ನು ಈ ಕ್ಷೇತ್ರದ ಹೆಮ್ಮರ ಎಂದರು. ಎಲೆ ಉದುರಿದ ಹೆಮ್ಮರ ಎಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ವರ್ಷಗಟ್ಟಲೆ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ಹಾಕಿದ ಮನುಷ್ಯನ ತಲೆ ನಿಮ್ಮ ಮುಂದೆಯೇ ಇದೆ, ನೋಡಿ ಸಂತೋಷಪಡಿ. ನಗುವವರು ಈಗಲೇ ನಕ್ಕುಬಿಡಿ. ಮುಂದೆ ಅವಕಾಶ ಕಡಿಮೆ.

ಬರೆದುಕೊಂಡು ಬಂದ ಭಾಷಣ ಜೇಬಿನಲ್ಲಿದೆ. ಅದನ್ನು ಓದುವುದಿಲ್ಲ. ಇಂದು ಬೆಳಿಗ್ಗೆ ಮೇಳದ ಬಾಗಿಲಿಗೆ ಒಬ್ಬ ತಾಯಿ ಮತ್ತು ಒಬ್ಬ ಮಗಳು ಬಂದರು. ನಾವು ಯಾರ ನೆನಪಿಗೆಂದು ಈ ಪ್ರಶಸ್ತಿ ಕೊಡುತ್ತಿದ್ದೇವೋ ಅವನ ಹೆಂಡತಿ, ಅವನ ಮಗಳು. ಈಗ ನೋಂದಣಿ ಮೇಜಿನ ಹೆಣ್ಣುಮಗಳು ಅವರನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗಿದ್ದಾಳೆ. ಅಲ್ಲಿಂದ ಅವರು ನೇರವಾಗಿ ಇಲ್ಲಿಗೇ ಬರುತ್ತಾರೆ, ಅಧ್ಯಕ್ಷರು ವೇದಿಕೆಗೆ ಕರೆದಿದ್ದಾರೆ. ಅವರು ಬರುವುದರೊಳಗೆ ನಿಮ್ಮೆಲ್ಲರ ಹತ್ತಿರ ನಾನು ಒಂದು ಬೇಡಿಕೆ ಇಡಬೇಕು. ಆದರೆ ಇದ್ದಕ್ಕಿದ್ದಂತೆ ಬೇಡಿಕೆ ಇಟ್ಟರೆ ನೀವು ಒಪ್ಪುವವರಲ್ಲ, ನಿಮ್ಮನ್ನು ನಾನು ಬಲ್ಲೆ. ಆದ್ದರಿಂದ ನಡೆದದ್ದನ್ನು ಹೇಳುತ್ತೇನೆ, ಸ್ವಲ್ಪ ಫೋನು ಕೆಳಗಿಡಿ.

ಹೊಸಬರೂ ಇದ್ದೀರಿ, ಊಟದ ಕೂಪನ್ನಿಗೆಂದು ಬಂದವರೂ ಇದ್ದೀರಿ. ನಿಮಗಾಗಿ ನಮ್ಮ ಕಸುಬನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಮಾಲು ನಮ್ಮದಲ್ಲ. ಅಂಗಡಿ ನಮ್ಮದಲ್ಲ. ಯಾರೋ ಮಾಡಿದ ಮಾಲಿಗೆ, ಯಾರೋ ನಡೆಸುವ ಜಾಲದ ಮೂಲಕ, ನಾವು ಜನರ ಫೋನಿನಲ್ಲಿ ಜಾಹೀರಾತು ಹಾಕುತ್ತೇವೆ. ಜನ ಒತ್ತಿದರೆ, ಒತ್ತಿ ಕೊಂಡರೆ, ನಮಗೆ ಕಮಿಷನ್. ಇದಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಎಂದು ದೊಡ್ಡ ಹೆಸರು. ನನ್ನ ಅತ್ತೆ ಇದನ್ನು ಕೇಳಿ, "ಅಂದ್ರೆ ದಲ್ಲಾಳಿ ಅನ್ನಿ" ಎಂದಿದ್ದರು. ಅವರ ಜೊತೆ ನಾನು ವಾದಕ್ಕೆ ಇಳಿಯಲಿಲ್ಲ.

ಹೆಸರಿನ ಮಾತು ಬಂದಿತು ನೋಡಿ. ನಮ್ಮ ಮೇಳಗಳಲ್ಲಿ ಯಾರಿಗಾದರೂ ಹೆಸರಿದೆಯೇ? ನಿಮ್ಮ ಕೊರಳಿನ ಬ್ಯಾಡ್ಜ್ ನೋಡಿಕೊಳ್ಳಿ. ಏನು ಮಾರುತ್ತೇವೋ ಅದೇ ನಮ್ಮ ಹೆಸರು. ನಾನು ಕೂದಲು. ಪ್ರೀತಿಯಿದ್ದವರು ಕೂದಲಣ್ಣ ಎನ್ನುತ್ತಾರೆ. ಅಲ್ಲಿ ಮೂರನೆಯ ಸಾಲಿನಲ್ಲಿರುವವರು ಬೊಜ್ಜು, ಅವರ ಪಕ್ಕದವರು ಅರ್ಜೆಂಟ್ ಸಾಲ, ಕಂಬದ ಹತ್ತಿರ ನಿಂತಿರುವ ಸಂಭಾವಿತರು ಬೊಕ್ಕೆ ಕ್ರೀಮು. ಮೇಳದಿಂದ ಮೇಳಕ್ಕೆ ಸಿಗುತ್ತೇವೆ, ಒಂದೇ ಕೋಣೆಯಲ್ಲಿ ಮಲಗುತ್ತೇವೆ, ಒಬ್ಬರ ಟೂತ್‌ಪೇಸ್ಟು ಇನ್ನೊಬ್ಬರು ಬಳಸುತ್ತೇವೆ. ಹೆಸರು ಕೇಳುವುದಿಲ್ಲ. ಊರು ಕೇಳುವುದಿಲ್ಲ. ಕೇಳಿದವನನ್ನು ಅನುಮಾನದಿಂದ ನೋಡುತ್ತೇವೆ. ಏಕೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಅಕೌಂಟುಗಳು ಮುಚ್ಚುತ್ತವೆ, ದೂರುಗಳು ಬರುತ್ತವೆ, ಹೆಸರಿಲ್ಲದಿದ್ದರೆ ಎಲ್ಲರಿಗೂ ಕ್ಷೇಮ.

ಮಂಡಿನೋವು ನನಗೆ ಸಿಕ್ಕಿದ್ದು ಇಂಥದೇ ಒಂದು ಮೇಳದಲ್ಲಿ. ಫೋನ್ ಚಾರ್ಜ್ ಮಾಡುವ ಗೋಡೆಯ ಬುಡದಲ್ಲಿ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದ. ಸುತ್ತ ನಾಲ್ಕೈದು ಫೋನು. "ಒಂದು ಪಾಯಿಂಟು ಬಿಟ್ಟುಕೊಡಪ್ಪಾ" ಎಂದೆ. "ತಗೊಳ್ಳಿ ಅಣ್ಣಾ, ಇದು ಹೇಗೂ ಸತ್ತ ಅಕೌಂಟು" ಎಂದು ಒಂದು ಫೋನನ್ನು ಕಿತ್ತು ನನಗೆ ಜಾಗ ಮಾಡಿಕೊಟ್ಟ. ನನ್ನನ್ನು ಅಣ್ಣಾ ಎಂದವನು ಕೊನೆಯವರೆಗೂ ಹಾಗೆಯೇ ಕರೆದ. ಮಂಡಿನೋವಿನ ಎಣ್ಣೆ ಮಾರುತ್ತಿದ್ದ. ಯಾರೋ ನಿವೃತ್ತ ಮುದುಕರ ಫೋಟೋಗೆ ಬಿಳಿ ಕೋಟು ಹಾಕಿಸಿ ಡಾಕ್ಟರು ಮಾಡಿದ್ದ. ಫೋಟೋದಲ್ಲಿ ಮಂಡಿಯ ಸುತ್ತ ಕೆಂಪು ವೃತ್ತ ಎಳೆದು ಅದಕ್ಕೊಂದು ಬಾಣ ಹಾಕಿದರೆ ಜನ ಹೆಚ್ಚು ಒತ್ತುತ್ತಾರೆ ಎಂದು ಅವನಿಗೆ ಕಲಿಸಿದವನು ನಾನು. ಶಿಷ್ಯ ಗುರುವನ್ನು ಮೀರಿಸಿದ, ಅದರಲ್ಲಿ ನನಗೆ ಹೊಟ್ಟೆಕಿಚ್ಚಿರಲಿಲ್ಲ. ಸ್ವಲ್ಪ ಇತ್ತು, ಇರಲಿ.

ಅಂದಿನಿಂದ ಪ್ರತಿ ಮೇಳದಲ್ಲೂ ನಮ್ಮಿಬ್ಬರದು ಒಂದೇ ಕೋಣೆ. ಜಾಲದವರೇ ಕೋಣೆ ಹಿಡಿಯುತ್ತಿದ್ದರು, ಅವರ ಕಂಪನಿ ಹೆಸರಿನಲ್ಲಿ. ಅವನು ಕಡಿಮೆ ಮಾತಿನವನು, ಆದರೆ ನಗಿಸಿದರೆ ಹೊಟ್ಟೆ ಹಿಡಿದುಕೊಂಡು ನಗುವವನು. ಸ್ಟಾಲುಗಳಲ್ಲಿ ಪುಕ್ಕಟೆ ಕೊಡುವ ಪೆನ್ನು, ಚೀಲ, ಟೀಶರ್ಟುಗಳನ್ನೆಲ್ಲ ಅಚ್ಚುಕಟ್ಟಾಗಿ ಮಡಚಿ ಒಯ್ಯುತ್ತಿದ್ದ. ಒಮ್ಮೆ ಚಿಕ್ಕ ಅಳತೆಯ ಟೀಶರ್ಟು ಕೇಳುತ್ತಿದ್ದುದನ್ನು ಕಂಡೆ. "ಯಾರಿಗಪ್ಪಾ ಇದು?" ಎಂದು ನಾನು ಕೇಳಬೇಕಿತ್ತು. ಅದು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ನಾನು ಕಸುಬಿನವನು, ಕೇಳಲಿಲ್ಲ.

ಕಳೆದ ವರ್ಷದ ಮೇಳ ನಿಮ್ಮಲ್ಲಿ ಬಹಳ ಮಂದಿಗೆ ನೆನಪಿರಬೇಕು. ಇದೇ ಕಟ್ಟಡ, ಪಕ್ಕದ ಹಾಲ್. ಮಧ್ಯಾಹ್ನದ ಊಟವಾಗಿ ಸ್ಟಾಲುಗಳ ನಡುವಿನ ಓಣಿಯಲ್ಲಿ ನಡೆಯುತ್ತಿದ್ದೆವು. ಒಬ್ಬ ಜಾಲದವನು ಕಮಿಷನ್ ಇಳಿಸಿದ್ದಕ್ಕೆ ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅವನು "ಅಣ್ಣಾ, ಸ್ವಲ್ಪ ಕೂತ್ಕೋತೀನಿ" ಎಂದ. ನಾನು "ಮುಂದೆ ಕುರ್ಚಿ ಇದೆ ಬಾರೋ" ಎಂದು ಬೈಗುಳವನ್ನು ಮುಂದುವರಿಸಿದೆ. ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಅವನು ನೆಲದ ಮೇಲಿದ್ದ.

ಆಗ ಏನಾಯಿತು? ಇದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ, ಇಲ್ಲಿದ್ದ ನಿಮಗಷ್ಟೇ ಹೇಳಬಹುದು. ಜನ ಸುತ್ತ ವೃತ್ತವಾಗಿ ನಿಂತರು. ಯಾರೂ ಮುಟ್ಟಲಿಲ್ಲ. ಅವನು ಬಿದ್ದದ್ದು ನೋವಿನ ಮುಲಾಮಿನ ಸ್ಟಾಲಿನ ಎದುರು. ನಮ್ಮವರೆಲ್ಲ ಇದು ಆ ಸ್ಟಾಲಿನವರ ನಾಟಕ ಎಂದುಕೊಂಡರು. ಈಗ ಯಾರಾದರೂ ಬಂದು ಮುಲಾಮು ಹಚ್ಚುತ್ತಾರೆ, ಇವನು ಎದ್ದು ಕುಣಿಯುತ್ತಾನೆ, ಕಂಪನಿಯ ಹೆಸರು ಹೇಳುತ್ತಾರೆ ಎಂದು ಕಾದರು. ಫೋನು ಎತ್ತಿ ಹಿಡಿದರು. "ಯಾವ ಸ್ಟಾಲಿಂದು ಗುರೂ, ಸಖತ್ತಾಗಿದೆ" ಎಂದು ಒಬ್ಬ ನನ್ನನ್ನೇ ಕೇಳಿದ. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಅಯ್ಯೋ, ನಿಜವಾಗಿಯೂ ಬಿದ್ದಿದ್ದಾನೆ ಕಣ್ರೋ ಎಂದು ನಾನು ಕಿರುಚಿದೆ. ನಾನು ಕಿರುಚಿದ್ದನ್ನೂ ನಾಟಕವೆಂದೇ ತಿಳಿದರು. ಕೊನೆಗೆ ನೀರಿನ ಕ್ಯಾನು ಹೊತ್ತು ಬಂದ ಹೆಂಗಸೊಬ್ಬಳು ಕ್ಯಾನನ್ನು ಕೆಳಗಿಟ್ಟು ಅವನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಅವಳು ಜಾಹೀರಾತಿನವಳಲ್ಲ, ಆದ್ದರಿಂದ ಅವಳಿಗೆ ತಿಳಿಯಿತು.

ಆಸ್ಪತ್ರೆ ಸೇರುವ ಮೊದಲೇ ಅವನು ಹೋಗಿದ್ದ. ಕಿಟಕಿಯೊಳಗಿನ ಗುಮಾಸ್ತರು ಕೇಳಿದರು, "ನೀವು ಏನಾಗ್ಬೇಕು?" "ಸ್ನೇಹಿತ." "ಅವರ ಹೆಸರು?" ನಾನು ಬಾಯಿ ತೆರೆದೆ. ಹೊರಗೆ ಬಂದದ್ದು, "ಮಂಡಿನೋವು". ಗುಮಾಸ್ತರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಕಾಯಿಲೆ ಕೇಳ್ಲಿಲ್ಲ ಸ್ವಾಮಿ. ಹೆಸರು ಕೇಳಿದ್ದು." ನೀವು ನಗುತ್ತಿದ್ದೀರಿ. ನಗಿ, ತಪ್ಪಿಲ್ಲ. ಆ ದಿನ ನನ್ನ ಹಿಂದೆ ಸರದಿಯಲ್ಲಿ ನಿಂತವರೂ ನಕ್ಕರು. ನನಗೆ ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು.

ಪೊಲೀಸರು ಬಂದು ಅವನ ಚೀಲ ಬಿಚ್ಚಿದರು. ಗುರುತಿನ ಚೀಟಿಗಳು ಸಿಕ್ಕವು. ಒಂದಲ್ಲ, ಹಲವು. ಒಂದರಲ್ಲೂ ಅವನ ಮುಖವಿಲ್ಲ. ಸಭಿಕರೇ, ಇದನ್ನು ನಿಮಗೆ ವಿವರಿಸುವ ಅಗತ್ಯವಿಲ್ಲ. ನಮ್ಮ ಹೆಸರಿನ ಅಕೌಂಟು ಮುಚ್ಚಿದರೆ ಬೇರೆಯವರ ಚೀಟಿಯನ್ನು ಬಾಡಿಗೆಗೆ ತಂದು ಹೊಸ ಅಕೌಂಟು ತೆರೆಯುತ್ತೇವೆ. ಸ್ವಂತ ಚೀಟಿಯನ್ನು ಮೇಳಕ್ಕೆ ತರುವ ಪೆದ್ದ ನಮ್ಮಲ್ಲಿ ಯಾರಿದ್ದಾನೆ? ಪೊಲೀಸರು ಆ ವಿಳಾಸಗಳನ್ನು ವಿಚಾರಿಸಿದರು. ಒಬ್ಬನಿಗೆ ತನ್ನ ಚೀಟಿ ಎಲ್ಲೆಲ್ಲಿ ತಿರುಗುತ್ತಿದೆ ಎಂದೇ ಗೊತ್ತಿಲ್ಲ, ಒಬ್ಬ ಯಾರೋ ದಲ್ಲಾಳಿಗೆ ಮಾರಿದ್ದ, ಇನ್ನೊಬ್ಬ ಎಂದೋ ಸತ್ತಿದ್ದ. ಇವನನ್ನು ಬಲ್ಲವರು ಒಬ್ಬರೂ ಇಲ್ಲ. ಕಂಡವರ ಚೀಟಿ ಇಟ್ಟುಕೊಂಡವನು ಕಳ್ಳನೇ ಇರಬೇಕು ಎಂದು ಪೊಲೀಸರಿಗೆ ಆಸಕ್ತಿ ಹೋಯಿತು. ಮೇಳದಲ್ಲಿ ಅವನು ಫೋನುಗಳನ್ನೆಲ್ಲ ಆರಿಸಿ ಇಡುತ್ತಿದ್ದ. ಆರಿದ ಫೋನುಗಳನ್ನು ಹಾಗೆಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೊಹರು ಮಾಡಿದರು. ಅವುಗಳಲ್ಲಿ ಒಂದಕ್ಕೆ ಅವನ ಹೆಂಡತಿ ದಿನವೂ ಕರೆ ಮಾಡುತ್ತಿದ್ದರು ಎಂಬುದು ನನಗೆ ತಿಳಿದದ್ದು ಇಂದು.

ಆಸ್ಪತ್ರೆಯವರು ಕೈ ಮುಗಿದು ಹೇಳಿದರು. ವಾರಸುದಾರರು ಬಂದರೆ ಕೊಡುತ್ತೇವೆ, ಶೀತಲ ಕೋಣೆಯಲ್ಲಿ ಜಾಗ ಕಡಿಮೆ, ಅವಧಿ ಮುಗಿದರೆ ನಗರಸಭೆಯವರು ಒಯ್ದು ಮಣ್ಣು ಮಾಡುತ್ತಾರೆ. ಆಗ ನಮ್ಮವರೆಲ್ಲ ನನ್ನ ಕೋಣೆಯಲ್ಲಿ ಸೇರಿದರು. ಬೊಜ್ಜು ಇದ್ದರು, ಅರ್ಜೆಂಟ್ ಸಾಲ ಇದ್ದರು. ನಾವು ಎಂಥವರು! ಯಾವ ಬೀದಿಯ ಯಾವ ಹೆಂಗಸಿಗೆ ಮಂಡಿ ನೋಯುತ್ತದೆ, ಯಾವ ಗಂಡಸಿಗೆ ಕೂದಲು ಉದುರುತ್ತಿದೆ, ಯಾರು ನಾಳೆ ಸಾಲ ಹುಡುಕಲಿದ್ದಾರೆ, ಎಲ್ಲ ಬಲ್ಲವರು. ನಮ್ಮ ಜೊತೆ ಉಂಡವನಿಗೆ ಹೆಂಡತಿ ಇದ್ದಾಳೋ ಇಲ್ಲವೋ, ಅದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಬೊಜ್ಜು ಅವರೇ ಹೇಳಿದರು, "ನಮಗೆ ಬರೋದು ಒಂದೇ ಕೆಲ್ಸ. ಜಾಹೀರಾತು ಹಾಕೋಣ."

ಹಾಕಿದೆವು. ಸಮುದ್ರದ ಗಾಳಿಗೆ ಫೋನು ಬೇಗ ಕೆಡುತ್ತದೆ ಎಂದು ಅವನೊಮ್ಮೆ ಗೊಣಗಿದ್ದ. ಅಷ್ಟೇ ಸುಳಿವು. ಕಡಲ ತೀರದ ಊರುಗಳನ್ನೆಲ್ಲ ಆರಿಸಿಕೊಂಡೆ. ಫೋಟೋ ಬೇಕಲ್ಲ? ಅವನು ಕ್ಯಾಮೆರಾ ಕಂಡರೆ ಮುಖಕ್ಕೆ ಕೈ ಹಿಡಿಯುವವನು. ಒಂದೇ ಒಂದು ಫೋಟೋ ಸಿಕ್ಕಿತು. ಯಾವುದೋ ಸ್ಟಾಲಿನ ರಟ್ಟಿನ ಚೌಕಟ್ಟಿನೊಳಗೆ ಮುಖ ಇಟ್ಟು ನಗುತ್ತಿದ್ದ. ಎಷ್ಟು ಕತ್ತರಿಸಿದರೂ ಮೂಲೆಯಲ್ಲಿ 'ಗೆಲ್ಲಿರಿ' ಎಂಬ ಅಕ್ಷರಗಳು ಉಳಿದವು. ಇರಲಿ ಎಂದು ಹಾಗೆಯೇ ಹಾಕಿದೆ. ಮೊದಲು ಸಾದಾ ಬರೆದೆ: 'ಇವರು ನಿಮಗೆ ಗೊತ್ತೇ? ಗೊತ್ತಿದ್ದರೆ ದಯವಿಟ್ಟು ತಿಳಿಸಿ.' ಯಾರೂ ಒತ್ತಲಿಲ್ಲ. ದಿನವೆಲ್ಲ ಕಾದರೂ ಬೆರಳೆಣಿಕೆಯ ಮಂದಿ.

ನನಗೆ ರೇಗಿತು. ಅಲ್ಲಾ, ಕೂದಲಿಲ್ಲದ ಊರಿಗೆ ಬಾಚಣಿಗೆ ಮಾರಿದವನು ನಾನು, ಸತ್ತ ಸ್ನೇಹಿತನ ಮುಖವನ್ನು ನಾಲ್ಕು ಮಂದಿ ಒತ್ತುವಂತೆ ಮಾಡಲಾರೆನೇ? ನನ್ನ ವಿದ್ಯೆಯೆಲ್ಲ ಸುರಿದೆ. ಅವನ ಮುಖದ ಸುತ್ತ ಕೆಂಪು ವೃತ್ತ ಎಳೆದೆ. ಬಾಣ ಹಾಕಿದೆ. ಮೇಲೆ ಬರೆದೆ: 'ಈ ಮನುಷ್ಯನಿಗೆ ಏನಾಯಿತು ಗೊತ್ತೇ? ತಿಳಿದರೆ ನೀವು ನಂಬುವುದಿಲ್ಲ!' ಸಭಿಕರೇ, ಆಮೇಲೆ ನೋಡಬೇಕಿತ್ತು. ನನ್ನ ಜನ್ಮದಲ್ಲಿ ಅಂಥ ಸ್ಪಂದನೆ ಕಂಡಿರಲಿಲ್ಲ. ಮುಗಿಬಿದ್ದು ಒತ್ತಿದರು. ಅಯ್ಯೋ ಪಾಪ ಎಂದರು, ಅಳುವ ಮುಖಗಳನ್ನು ಕಳಿಸಿದರು, ಯಾವ ಎಣ್ಣೆಯಿದು ಎಂದು ಕೇಳಿದರು. ಹೆಚ್ಚು ಮಂದಿ ಒತ್ತಿದ್ದನ್ನು ಎಲ್ಲರಿಗೂ ಮತ್ತೆ ಮತ್ತೆ ತೋರಿಸುವುದು ಜಾಹೀರಾತು ಹಂಚುವ ಯಂತ್ರದ ಗುಣ. ಕಂಡ ಕಂಡವರೆಲ್ಲ ಒತ್ತಿದರು. ಅವನನ್ನು ಬಲ್ಲವರು ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಯಾರೋ ಇದು ಮೋಸದ ಜಾಹೀರಾತು ಎಂದು ದೂರು ಕೊಟ್ಟರು. ಜಾಹೀರಾತು ನಿಂತಿತು, ಅಕೌಂಟೂ ಮುಚ್ಚಿತು. ಆ ದೂರು ಕೊಟ್ಟವರನ್ನು ನಾನು ಏನೆಂದು ಬೈದೆ ಎಂಬುದನ್ನು ಈ ಮೈಕಿನಲ್ಲಿ ಹೇಳುವಂತಿಲ್ಲ. ಇವರ ಮನೆ ಹಾಳಾಗ ಎಂದೆ, ಇವರ ಮನೆಯಲ್ಲೂ ಒಬ್ಬರು ಹೀಗೆ ಹೋಗಲಿ ಎಂದೆ. ಹೊಸ ಅಕೌಂಟು ಸಿದ್ಧವಾಗುವುದರೊಳಗೆ ಆಸ್ಪತ್ರೆಯ ಅವಧಿ ಮುಗಿದಿತ್ತು. ನಗರಸಭೆಯ ಗಾಡಿಯ ಹಿಂದೆ ನಾನೊಬ್ಬನೇ ಆಟೋದಲ್ಲಿ ಹೋದೆ. ಉಳಿದವರು ಮುಂದಿನ ಮೇಳಕ್ಕೆ ಹೊರಟುಹೋಗಿದ್ದರು, ಅವರದೂ ಹೊಟ್ಟೆಪಾಡು. ಗುಂಡಿ ಮುಚ್ಚಿದವರು ಒಂದು ತಗಡಿನ ಬಿಲ್ಲೆಯ ಮೇಲೆ ಸಂಖ್ಯೆ ಬರೆದು ನೆಟ್ಟರು. ಒಂದು ಹಿಡಿ ಮಣ್ಣು ಹಾಕಿದೆ. ಹೋಗಿ ಬಾ ಎನ್ನಲು ಕರೆಯಬೇಕಲ್ಲ, ಏನೆಂದು ಕರೆಯಲಿ? ಮಂಡಿನೋವು ಎನ್ನಲು ಬಾಯಿ ಬರಲಿಲ್ಲ. ಸುಮ್ಮನೆ ನಿಂತು ಅತ್ತು ಬಂದೆ.

ಮನೆಗೆ ಹೋಗಿ ನನ್ನವಳಿಗೆ ಇದನ್ನೆಲ್ಲ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು, "ನಾಳೆ ನೀವು ಬಿದ್ರೆ ನನಗೆ ಯಾರ್ ಹೇಳ್ತಾರೆ?" ಅಪಶಕುನ ಮಾತಾಡಬೇಡ ಎಂದು ಗದರಿದೆ. ಆದರೂ ಅಂದಿನಿಂದ ಮನೆಯ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಇಂದು ನಿಮ್ಮ ಸನ್ಮಾನಕ್ಕೆಂದು ಹೊಸ ಅಂಗಿ ತೊಟ್ಟೆ. ಚೀಟಿ ಹಳೆಯ ಅಂಗಿಯಲ್ಲೇ ಉಳಿದಿದೆ. ಆದ್ದರಿಂದ ದಯವಿಟ್ಟು ಈ ಭಾಷಣ ಮುಗಿಯುವವರೆಗೆ ನಾನು ಬದುಕಿರುವಂತೆ ಹಾರೈಸಿ.

ಇನ್ನು ಪ್ರಶಸ್ತಿಯ ವಿಷಯ. ಮಂಡಿನೋವು ಸ್ಮಾರಕ ಪ್ರಶಸ್ತಿ ಎಂದರೆ ಕೇಳಲು ಚೆನ್ನಾಗಿಲ್ಲ ಎಂದು ಸಮಿತಿಯಲ್ಲಿ ಚರ್ಚೆಯಾಯಿತಂತೆ. ಬೇರೆ ಹೆಸರು ಗೊತ್ತಿದ್ದರಲ್ಲವೇ ಬದಲಾಯಿಸುವುದು? ವರ್ಷದಲ್ಲಿ ಅತಿ ಹೆಚ್ಚು ಸ್ಪಂದನೆ ಪಡೆದ ಜಾಹೀರಾತಿಗೆ ಇದನ್ನು ಕೊಡಬೇಕೆಂದು ನಿರ್ಧಾರವಾಯಿತು. ಲೆಕ್ಕ ತೆಗೆದು ನೋಡಿದರೆ ಮೊದಲು ಬಂದದ್ದು ಅವನ ಮುಖ ಹಾಕಿದ ನನ್ನ ಜಾಹೀರಾತೇ. ಸಮಿತಿಯವರು ಫೋನು ಮಾಡಿ ಅಭಿನಂದಿಸಿದರು. ನಾನೇನು ಮಾಡಿದೆ? ನಾಚಿಕೆಯಿಂದ ಬೇಡ ಎಂದೆನೇ? ಇಲ್ಲ. ಸಂತೋಷಪಟ್ಟೆ. ಹೊಸ ಅಂಗಿ ಹೊಲಿಸಿದೆ. ಇರುವುದನ್ನು ಇರುವಂತೆ ಹೇಳುತ್ತಿದ್ದೇನೆ.

ಇಂದು ಬೆಳಿಗ್ಗೆ ನೋಂದಣಿ ಮೇಜಿನಿಂದ ನನಗೆ ಕರೆ ಬಂದಿತು. "ಕೂದಲಣ್ಣಾ, ಸ್ವಲ್ಪ ಕೆಳಗೆ ಬನ್ನಿ. ಯಾರೋ ಬಂದಿದ್ದಾರೆ, ಯಾರದೋ ಹೆಸರು ಕೇಳ್ತಿದ್ದಾರೆ, ಆ ಹೆಸರಿನೋರು ನಮ್ಮಲ್ಲಿ ಯಾರೂ ಇಲ್ಲ." ಕೆಳಗೆ ಹೋದೆ. ಒಬ್ಬ ಹೆಂಗಸು ನಿಂತಿದ್ದರು, ಕೈಯಲ್ಲಿ ನಮ್ಮ ಮೇಳದ ಹಳೆಯ ಬಟ್ಟೆ ಚೀಲ. ಮೇಳದ ಹೆಸರು ಅರ್ಧ ಅಳಿಸಿಹೋಗಿತ್ತು. "ಈ ಚೀಲ ಕೊಟ್ಟೋರು ನೀವೇನಾ?" ಎಂದು ಕೇಳಿದರು. ವರ್ಷವಿಡೀ ಅದರಲ್ಲಿ ತರಕಾರಿ ತಂದಿದ್ದಾರೆ. ಗಂಡ ಔಷಧ ಕಂಪನಿಯ ಪ್ರತಿನಿಧಿ, ಕೆಲಸದ ಮೇಲೆ ಊರೂರು ತಿರುಗುತ್ತಾನೆ ಎಂದು ನಂಬಿದ್ದಾರೆ. ಯಾವುದೋ ಬೇರೆ ಊರಿಗೆ ಹೋಗುತ್ತೇನೆ ಎಂದು ಹೇಳಿ ಬಂದಿದ್ದನಂತೆ, ಪೊಲೀಸರು ಆ ಊರಿನಲ್ಲೇ ಹುಡುಕಿದ್ದಾರೆ. ಮೊನ್ನೆ ಮಗಳು ಚೀಲವನ್ನು ತೊಳೆದು ಒಣಹಾಕುವಾಗ ಅದರ ಮೇಲಿನ ಅಕ್ಷರಗಳನ್ನು ಓದಿದಳಂತೆ. ಅಪ್ಪ ವರ್ಷ ವರ್ಷವೂ ಇದನ್ನೇ ತರುತ್ತಿದ್ದರಲ್ಲ ಎಂದು ಹೊಳೆದು ಇಬ್ಬರೂ ಬಸ್ಸು ಹತ್ತಿದ್ದಾರೆ. ಅವರು ಫೋಟೋ ತೆಗೆದು ತೋರಿಸಿದರು. ಫೋಟೋದಲ್ಲಿದ್ದವನು ನಮ್ಮ ಮಂಡಿನೋವು.

ಹೇಳಬೇಕಾದ್ದನ್ನು ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಅವರು ಗಟ್ಟಿಯಾಗಿ ಅಳಲಿಲ್ಲ. ಬಿದ್ದ ಜಾಗ ತೋರಿಸಿ ಎಂದರು, ತೋರಿಸಿದೆ. ಈ ವರ್ಷ ಅಲ್ಲಿ ಕಾಫಿ ಯಂತ್ರ ಇಟ್ಟಿದ್ದಾರೆ, ಜನ ಲೋಟ ಹಿಡಿದು ನಿಂತಿದ್ದರು. ಕೊನೆಗೆ ಏನಂದರು ಎಂದು ಕೇಳಿದರು, ಅದನ್ನೂ ಹೇಳಿದೆ. "ಒಬ್ರೂ ನಮಗೆ ತಿಳಿಸೋಕೆ ಪ್ರಯತ್ನ ಮಾಡ್ಲಿಲ್ವಾ?" ಎಂದರು. ಆಗ ನನಗೆ ರೋಷ ಬಂದಿತು. ಮಾಡದೆ ಏನಮ್ಮ, ನೋಡಿ ಎಂದು ಫೋನು ತೆಗೆದು ಆ ಜಾಹೀರಾತನ್ನು ತೋರಿಸಿದೆ. ಹೆಮ್ಮೆಯಿಂದಲೇ ತೋರಿಸಿದೆ.

ಅವರು ಬಹಳ ಹೊತ್ತು ನೋಡಿದರು. "ಇದು ಬಂದಿತ್ತು" ಎಂದರು. "ನನ್ನ ಫೋನಿಗೆ ಬಂದಿತ್ತು. ಮತ್ತೆ ಮತ್ತೆ ಬಂತು." "ಮತ್ತೆ ಯಾಕಮ್ಮ ಒತ್ತಲಿಲ್ಲ?" ಎಂದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ. "ಅವರೇ ಹೇಳಿಕೊಟ್ಟಿದ್ರು. ಕೆಂಪು ವೃತ್ತ, ಬಾಣ, ನೀವು ನಂಬಲ್ಲ ಅಂತ ಬರಹ, ಇಷ್ಟು ಕಂಡ್ರೆ ಮುಟ್ಬೇಡ. ಕಂಡೋರ ಮುಖ ಕದ್ದು ಹಾಕ್ತಾರೆ. ನಾಳೆ ನನ್ನ ಮುಖಾನೇ ಬಂದ್ರೂ ಒತ್ಬೇಡ, ಅದು ಮೋಸಗಾರರ ಕೆಲ್ಸ ಅಂತ. ದೂರು ಕೊಡೋದು ಹೇಗೆ ಅಂತಾನೂ ತೋರಿಸಿದ್ರು. ನಾನು ಕೊಟ್ಟೆ."

ದೂರು ಕೊಟ್ಟವರು ಅವರು. ಮನೆ ಹಾಳಾಗಲಿ ಎಂದು ನಾನು ಶಾಪ ಹಾಕಿದ್ದು ಅವರಿಗೆ.

ಅವನಿಗೆ ತನ್ನ ಮನೆಯವರ ಮೇಲೆ ಎಷ್ಟು ಪ್ರೀತಿಯಿತ್ತು ನೋಡಿ. ಊರಿನ ಮುದುಕಿಯರೆಲ್ಲ ಅವನ ಎಣ್ಣೆ ಕೊಳ್ಳಲಿ, ತನ್ನ ಹೆಂಡತಿ ಮಾತ್ರ ಮೋಸ ಹೋಗಬಾರದು. ನಾವೂ ಅಷ್ಟೇ ತಾನೇ? ನಿಮ್ಮ ಜಾಹೀರಾತನ್ನು ನಿಮ್ಮ ತಾಯಿ ಒತ್ತಲು ಬಿಡುತ್ತೀರಾ? ನಾನು ಬಿಟ್ಟಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಮಾತನ್ನು ನುಂಗಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಮಗಳು ನಿಂತಿದ್ದಳು. ಅಪ್ಪನದೇ ಮೂಗು, ಅಪ್ಪನದೇ ಹಣೆ. ತಾಯಿ ಅವಳ ಕಡೆ ನೋಡದೆ ಹೇಳಿದರು, "ಇವಳು ಒತ್ತೋಣ ಅಂದ್ಲು. ಅಮ್ಮ, ಅಪ್ಪನೇ ಇರ್ಬೋದು, ಒಂದ್ಸಲ ಒತ್ತಿ ನೋಡೋಣ ಅಂದ್ಲು. ನಾನು ಕೆನ್ನೆಗೆ ಹೊಡ್ದು ಫೋನು ಕಿತ್ಕೊಂಡೆ." ಮಗಳು ನೆಲ ನೋಡುತ್ತಿದ್ದಳು. ತಾಯಿ ನನ್ನ ಕೈ ಹಿಡಿದುಕೊಂಡರು. "ನೀವು ದೊಡ್ಡೋರು, ನಿಜ ಹೇಳಿ. ಅವತ್ತು ಒತ್ತಿದ್ರೆ ಅವರ ಮುಖ ನೋಡೋಕೆ ಸಿಗ್ತಿತ್ತಾ? ಇನ್ನೂ ಇಟ್ಟಿದ್ರಾ ಅವರನ್ನ?"

ಸಭಿಕರೇ, ಇಟ್ಟಿದ್ದರು. ಅವನು ಆ ಶೀತಲ ಕೋಣೆಯಲ್ಲೇ ಇದ್ದ. ಅವರು ಒತ್ತಿದ್ದರೆ ನನ್ನ ಫೋನ್ ನಂಬರು ಅವರಿಗೆ ಸಿಗುತ್ತಿತ್ತು, ಸಂಜೆಯ ಬಸ್ಸಿಗೆ ಹೊರಟು ಬಂದಿದ್ದರೂ ಸಾಕಿತ್ತು. ಗಂಡನನ್ನು ಊರಿಗೆ ಒಯ್ಯುತ್ತಿದ್ದರು. ತಗಡಿನ ಬಿಲ್ಲೆಯ ಕೆಳಗೆ ಅವನು ಮಲಗುತ್ತಿರಲಿಲ್ಲ.

ನಾನು ಹೇಳಿದೆ, "ಇಲ್ಲಮ್ಮ. ಅಷ್ಟೊತ್ತಿಗೆ ಎಲ್ಲ ಮುಗಿದಿತ್ತು. ಮಣ್ಣು ಮಾಡಿದ ಮೇಲೇ ನಾನು ಜಾಹೀರಾತು ಹಾಕಿದ್ದು." ತಾಯಿ ಕಣ್ಣು ಮುಚ್ಚಿ ಉಸಿರು ಬಿಟ್ಟರು. ಮಗಳು ಮಾತ್ರ ತಲೆಯೆತ್ತಿ ನನ್ನನ್ನೇ ನೋಡಿ ಕೇಳಿದಳು, "ಜಾಹೀರಾತು ಹಾಕಿದ್ದು ಯಾವ ತಾರೀಖಿಗೆ ಅಂಕಲ್?" ಬಾಯಿಗೆ ಬಂದ ಒಂದು ತಾರೀಖು ಹೇಳಿದೆ. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಅಪ್ಪನ ಮಗಳು, ಮುಖ ನೋಡಿ ಏನೂ ಹೇಳಲಾಗದು.

ಹೊರಡುವಾಗ ಅವನ ಹೆಸರನ್ನು ನನಗೆ ಹೇಳಿದರು. ಸುಂದರವಾದ ಹೆಸರು. "ಆದ್ರೆ ನಿಮ್ಮ ಸಭೇಲಿ ಹೇಳ್ಬೇಡಿ" ಎಂದರು. ಹೇಳುವುದಿಲ್ಲ.

ಈಗ ನನ್ನ ಬೇಡಿಕೆ. ನನ್ನ ಹಿಂದಿರುವ ಈ ಪರದೆಯ ಮೇಲೆ ಆ ಜಾಹೀರಾತನ್ನು ಇಷ್ಟು ದೊಡ್ಡದಾಗಿ ತೋರಿಸಿದ್ದೀರಿ. ಕೆಳಗೆ ಅದು ಶುರುವಾದ ನಿಜವಾದ ತಾರೀಖಿದೆ, ನಾನು ಹುಡುಗಿಗೆ ಹೇಳಿದ್ದು ಬೇರೆ. ಪರದೆ ನೋಡಿಕೊಳ್ಳುವ ತಮ್ಮಾ, ಅದನ್ನು ಆರಿಸಿಬಿಡು. ಈಗಲೇ ಆರಿಸು. ಅಧ್ಯಕ್ಷರೇ, ಈ ಪ್ರಶಸ್ತಿ ಫಲಕದ ಮೇಲೂ ಅದೇ ತಾರೀಖನ್ನು ಕೆತ್ತಿಸಿದ್ದೀರಿ. ನನಗೆ ಇದು ಬೇಡ, ದಯವಿಟ್ಟು ಪೆಟ್ಟಿಗೆಯೊಳಗೆ ಹಾಕಿ ಮೇಜಿನ ಕೆಳಗೆ ಇಡಿ. ವೃತ್ತಿಬಾಂಧವರೇ, ಆ ತಾಯಿ ಇಲ್ಲವೇ ಆ ಹುಡುಗಿ ನಿಮ್ಮಲ್ಲಿ ಯಾರನ್ನಾದರೂ ತಡೆದು ಕೇಳಬಹುದು. ಹುಡುಗಿ ಕೇಳಿಯೇ ಕೇಳುತ್ತಾಳೆ. ಮೊದಲು ಮಣ್ಣು, ಆಮೇಲೆ ಜಾಹೀರಾತು. ಎಲ್ಲರ ಬಾಯಲ್ಲೂ ಅದೇ ಬರಲಿ, ಒಬ್ಬರೂ ತಡವರಿಸಬೇಡಿ. ಜೀವಮಾನವೆಲ್ಲ ಕಮಿಷನ್ನಿಗೆ ಸುಳ್ಳು ಹೇಳಿದ್ದೇವೆ. ಇದೊಂದನ್ನು ಪುಕ್ಕಟೆಯಾಗಿ ಹೇಳಿ.

ಬಾಗಿಲ ಹತ್ತಿರ ಇರುವವರು ಸ್ವಲ್ಪ ದಾರಿ ಬಿಡಿ, ಅವರು ಬಂದರು ಎಂದು ಕಾಣುತ್ತದೆ. ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ನಾನು ಋಣಿ. ಬನ್ನಿ ಅಮ್ಮಾ, ಬಾಮ್ಮಾ ಮಗೂ, ಮುಂದೆ ಬನ್ನಿ, ಇಲ್ಲಿ ಕುರ್ಚಿ ಇದೆ. ಏನಿಲ್ಲಮ್ಮಾ, ನಿಮ್ಮ ಯಜಮಾನರು ಎಷ್ಟು ಒಳ್ಳೆಯವರಾಗಿದ್ದರು ಎಂದು ಹೇಳುತ್ತಿದ್ದೆ. ನಮಸ್ಕಾರ.